ಹನ್ನೊಂದನೆಯ ಕಂತು

ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ, ಗಲ್ಲಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯೆದುರು ನಿಂತಾಗ, ಆ ಪತ್ರ ತನ್ನಿಂದ ಬರೆಯಲಾಗುವುದಿಲ್ಲವೆಂದು ಮಡಿವಾಳೆಪ್ಪನಿಗೆ ಖಚಿತವಾಯಿತು. ವಾರವಿಡೀ ಬರೆಯುತ್ತೇನೆ ಬರೆಯುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಮೂರು ಸಲ ಕಾಗದ ತೆಗೆದು ಕುಳಿತಿದ್ದ. ಮೂರು ಸಲವೂ ‘ಮಾನ್ಯರೇ’ ಎಂಬಲ್ಲಿಗೆ ಪೆನ್ನು ನಿಂತುಬಿಟ್ಟಿತ್ತು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು, ಬೈಲಹೊಂಗಲದ ಅರ್ಧ ಲಗ್ನಪತ್ರಿಕೆಗಳ ಒಕ್ಕಣೆಯನ್ನೂ ಬೀಳ್ಕೊಡುಗೆಯ ಮಾನಪತ್ರಗಳನ್ನೂ ಬರೆದುಕೊಟ್ಟವನು, ಟಿವಿಯ ಒಂದು ಧಾರಾವಾಹಿಯ ಬಗ್ಗೆ ಹತ್ತು ಸಾಲು ಬರೆಯಲಾರದೆ ಒದ್ದಾಡುವುದೆಂದರೇನು? ರೇಜರು ಗದ್ದದ ಕೆಳಗೆ ಸಣ್ಣಗೆ ಕೊಯ್ದಿತು. ಸ್ಫಟಿಕ ಒತ್ತಿಕೊಂಡು, ಉರಿಯನ್ನು ಸಹಿಸುತ್ತ, ಹೀಗೆ ಗಾಯವಾದದ್ದೂ ಒಳ್ಳೆಯದೇ ಆಯಿತು ಎಂದುಕೊಂಡ. ಏಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

“ಲಗೂನ ಹೋಗ್ರಿ, ಕಲ್ಮೇಶ ಎರಡ ಸಲ ಫೋನ್ ಮಾಡ್ಯಾನ,” ಎಂದು ಹೆಂಡತಿ ನಾಗರತ್ನಾ ಅಡುಗೆಮನೆಯಿಂದ ಕೂಗಿದಳು. “ಹನ್ನೊಂದಕ್ಕ ಸುರು ಆಗತೈತಿ. ಅಷ್ಟರಾಗ ಎಲ್ಲಾರೂ ಸಹಿ ಮಾಡಬೇಕಂತ.”

“ಏನ್ ಬರೀಬೇಕು ಅದರಾಗ?”

“ಏನ್ ಬರೀತೀರಿ? ಚಕ್ರಪಾಣಿ ಹಂತಾವ ಅಲ್ಲ ಅಂತ ಬರೀರಿ. ದೊಡ್ಡ ಮಂದಿ ಹೊಲಸು ಕೆದರೂದ ಒಂದ ಧಂದೆ ಆಗೇತಿ ಇವರಿಗೆ.”

ಚಕ್ರಪಾಣಿ ಎಂದರೆ ಪತ್ತೇದಾರ ಚಕ್ರಪಾಣಿ. ತೊಂಬತ್ತೇಳರಿಂದ ಮೂರು ವರ್ಷ, ರವಿವಾರಕ್ಕೊಮ್ಮೆ, ಊರಿನ ಓಣಿಗಳನ್ನೆಲ್ಲ ಖಾಲಿ ಮಾಡಿಸಿದವನು. ನರೆತ ಮೀಸೆ, ಕಂಕುಳಲ್ಲಿ ಕೊಡೆ, ಎದುರಿನವನು ಸುಳ್ಳು ಹೇಳಿದ ಕೂಡಲೇ ಎಡಗಣ್ಣನ್ನು ಒಂದಿಷ್ಟು ಕಿರಿದು ಮಾಡುವ ರೂಢಿ. ಅವನ ಕಥೆಯಲ್ಲಿ ತಪ್ಪು ಮಾಡದವನ ಮೈಮೇಲೆ ಒಂದು ಏಟೂ ಬೀಳುತ್ತಿರಲಿಲ್ಲ. ಅದು ಮುಗಿದು ಮೂರು ವರ್ಷವಾದ ಮೇಲೆ, ಎರಡು ಸಾವಿರದ ಮೂರರ ಈ ಬೇಸಿಗೆಯಲ್ಲಿ, ಅದೇ ಚಾನೆಲ್ಲಿನವರು ಅವನ ಹರೆಯದ ಕಥೆ ತೆಗೆದಿದ್ದರು. ಇದರಲ್ಲಿ ಚಕ್ರಪಾಣಿ ಇನ್ನೂ ಪತ್ತೇದಾರನಾಗಿಲ್ಲ. ಪೊಲೀಸ್ ಇಲಾಖೆಗೆ ಆಗತಾನೆ ಸೇರಿದ ಇಪ್ಪತ್ಮೂರರ ಹುಡುಗ, ಮಾಡುವವನೂ ಬೇರೆ ನಟ. ಊರವರು ಇದಕ್ಕೆ ‘ಹಿಂದಿನ ಕತಿ’ ಎಂದು ಹೆಸರಿಟ್ಟು, ಮೊದಲ ವಾರದಿಂದಲೇ ಜರಿಯಲು ಶುರು ಮಾಡಿದ್ದರು. ಆದರೂ ಒಂದು ವಾರವನ್ನೂ ಯಾರೂ ತಪ್ಪಿಸಿರಲಿಲ್ಲ.

ಹೋದ ರವಿವಾರದ ಹನ್ನೊಂದನೆಯ ಕಂತಿನಲ್ಲಿ ಮೇಲಧಿಕಾರಿ ಸಾಹೇಬರ ಮನೆಯ ಬಂಗಾರದ ಸರ ಕಳೆಯಿತು. ಕಳೆದವನು ಸಾಹೇಬರ ಮಗ. ಅದು ಚಕ್ರಪಾಣಿಗೆ ಗೊತ್ತು. ಹಿಡಿದದ್ದು ತೋಟದ ಮಾಲಿಯನ್ನು. ‘ನಿನಗೇನಾದರೂ ಗೊತ್ತೇನಪ್ಪಾ?’ ಎಂದು ಸಾಹೇಬರು ಕೇಳಿದಾಗ ಹುಡುಗ ಚಕ್ರಪಾಣಿ ತಲೆ ತಗ್ಗಿಸಿ ನಿಂತ. ಮಾಲಿಯನ್ನು ಜೀಪಿಗೆ ಹಾಕಿಕೊಂಡು ಹೋದರು, ಕಂತು ಮುಗಿಯಿತು. ಆ ತಗ್ಗಿದ ತಲೆಯನ್ನು ಕ್ಯಾಮರಾ ಎಷ್ಟು ಹೊತ್ತು ತೋರಿಸಿತೆಂದರೆ, ಮಡಿವಾಳೆಪ್ಪ ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗಬೇಕಾಯಿತು. ಮಾರನೆಯ ದಿನದಿಂದ ಊರಿನಲ್ಲಿ ಇದೇ ಮಾತು. ಹಜಾಮತಿ ಅಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಜನ ತಮ್ಮ ಮನೆಯವನ ಹೆಸರೇ ಕೆಟ್ಟಂತೆ ಕುದಿದರು. ‘ನಮ್ಮ ಚಕ್ರಪಾಣಿ ಹಂಗ ಮಾಡಾಂವ ಅಲ್ಲರಿ.’ ಇಷ್ಟು ಹೇಳಿ ಅವರು ಮಡಿವಾಳೆಪ್ಪನ ಮುಖ ನೋಡುತ್ತಿದ್ದರು. ಏಕೆಂದರೆ ಊರಿಗೆ ಅವನೂ ಒಬ್ಬ ಚಕ್ರಪಾಣಿ. ಮೂರು ಜನರನ್ನು ಕೇಳದೆ ಒಬ್ಬ ಹುಡುಗನ ಮೈಮೇಲೂ ಛಡಿ ಎತ್ತದ ಮಾಸ್ತರ, ಅಣ್ಣತಮ್ಮಂದಿರ ಜಗಳದಲ್ಲಿ ಇಬ್ಬರೂ ಒಪ್ಪಿ ಕರೆಯುವ ಮಾಸ್ತರ. ‘ನಮ್ಮೂರ ಚಕ್ರಪಾಣಿ ಬಂದ್ರು’ ಎಂದು ಅವರು ಚಾಷ್ಟಿ ಮಾಡಿದಾಗ ಮೊದಮೊದಲು ಅವನಿಗೆ ಹಿತವಾಗುತ್ತಿತ್ತು. ಆ ಹಿತವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಲ್ಮೇಶನ ಕೇಬಲ್ ಆಫೀಸು ನಾಲ್ಕು ಓಣಿ ಆಚೆ. ಕಲ್ಮೇಶ ತಮ್ಮನ ಮಗ, ಕಾಲೇಜು ಅರ್ಧಕ್ಕೆ ಬಿಟ್ಟು ಛತ್ತುಗಳ ಮೇಲೆ ವಾಯರ್ ಎಳೆದು ಬದುಕು ಕಟ್ಟಿಕೊಂಡವನು. ಚಾನೆಲ್ಲಿನವರು ತಿಂಗಳ ಕೊನೆಗೆ ವೀಕ್ಷಕರ ಪತ್ರಗಳನ್ನು ಓದುತ್ತಾರೆಂದೂ, ನೂರು ಸಹಿ ಹಾಕಿ ಕಳಿಸಿದರೆ ಬೈಲಹೊಂಗಲದ ಹೆಸರು ಟಿವಿಯಲ್ಲಿ ಬರುವುದು ಗ್ಯಾರಂಟಿಯೆಂದೂ ಹುರುಪು ಹತ್ತಿಸಿದವನು ಅವನೇ. ಬಿಸಿಲು ಆಗಲೇ ಏರಿತ್ತು. ಟೊಪ್ಪಿಗೆ ಮರೆತು ಬಂದ ಮಡಿವಾಳೆಪ್ಪ ಗೋಡೆಯ ನೆರಳು ಹಿಡಿದು ನಡೆದ. ಚಿಕ್ಕಂದಿನಲ್ಲೊಮ್ಮೆ, ಶಿವರಾತ್ರಿ ಮುಗಿದ ಮೇಲಿನ ಆ ದಿನದ ಬಿಸಿಲೂ ಹೀಗೆಯೇ ಇತ್ತು. ಮಠದ ಬೋರ್ಡಿಂಗಿನ ಹುಡುಗರೆಲ್ಲ ಮಧ್ಯಾಹ್ನ ಮಲಗಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದಬೇಕಾದ ಹದಿಮೂರು ವರ್ಷದ ಮಡಿವಾಳೆಪ್ಪ ಕಳ್ಳಹೆಜ್ಜೆ ಹಾಕಿ ತೋಟದ ಬಾವಿಗೆ ಬಂದಿದ್ದ. ಈಸುವಾಗ ಎದೆಯ ಮೇಲಿನ ಬೆಳ್ಳಿಯ ಗುಂಡಗಡಗಿ, ಲಿಂಗವನ್ನಿಟ್ಟು ಕೊರಳಿಗೆ ಕಟ್ಟುವ ಆ ಕರಡಿಗೆ, ಜಿಗಿದಾಗಲೆಲ್ಲ ಹಲ್ಲಿಗೆ ಬಡಿಯುತ್ತಿತ್ತು. ಮೈಮೇಲಿನ ಲಿಂಗ ಉಣ್ಣುವಾಗ, ಮಲಗುವಾಗ, ಸಾಯುವಾಗ ಕೂಡ ಮೈಬಿಟ್ಟು ಹೋಗಬಾರದೆಂದು ಹುಟ್ಟಿದಾಗಿನಿಂದ ಕೇಳಿದ್ದ. ಒಂದೇ ಒಂದು ಸಲ, ಯಾರೂ ಇಲ್ಲವೆಂದು, ದಾರದ ಸಮೇತ ಅದನ್ನು ತೆಗೆದು ಪಾವಟಿಗೆಯ ಮೇಲಿಟ್ಟು ಜಿಗಿದ. ಮೇಲೆ ಬರುವಾಗ ತನ್ನ ಕಾಲೇ ತಾಗಿ ಅದು ನೀರಿಗೆ ಬಿತ್ತು. ಕಿವಿ ಸೀಳುವವರೆಗೆ ಮೂರು ಸಲ ಮುಳುಗಿದ. ಕೈಗೆ ಬಂದದ್ದು ಕೆಸರು. ಎದೆಯ ಮೇಲೆ ಏನೂ ಇಲ್ಲದ ತನ್ನ ಮೈ ಅವನಿಗೆ ಬೇರೆ ಯಾರದೋ ಅನ್ನಿಸಿತು. ಮೇಲೆ ಬಂದಾಗ ಬಾವಿಯ ದಂಡೆಯ ಕಲ್ಲಿನ ಮೇಲೆ ಕೊಡದ ಬುಡದಷ್ಟು ಹಸಿ ಇತ್ತು. ನೀರು ಸೇದಲು ಬಂದ ಯಾರೋ ಅಲ್ಲಿ ನಿಂತು ಹೋಗಿದ್ದರು. ಅಥವಾ ಹಾಗೆ ಅವನಿಗೆ ಆಮೇಲೆ ಅನ್ನಿಸಿತೋ, ಅದನ್ನು ಈ ನಲವತ್ತು ವರ್ಷಗಳಲ್ಲಿ ಅವನು ತೀರ್ಮಾನಿಸಲಾಗಿಲ್ಲ.

‘ಮಲಗಿದ್ದಾಗ ಯಾರೋ ಶಿವದಾರ ಕೊಯ್ದುಕೊಂಡು ಹೋದರು’ ಎಂದುಬಿಟ್ಟ. ಲಿಂಗ ತೆಗೆದಿಟ್ಟು ಈಸಿದೆನೆಂದು ಹೇಳುವುದಕ್ಕಿಂತ ಇದು ಸಲೀಸಾಗಿತ್ತು. ‘ಯಾರು ಒಳಗ ಬಂದಿದ್ರು? ನೀರಿನ ಬಸ್ಯಾ ಬಂದಿದ್ನೇನು?’ ಎಂದು ಬೋರ್ಡಿಂಗಿನ ಮೇಲ್ವಿಚಾರಕರು ಕೇಳಿದರು. ಮಡಿವಾಳೆಪ್ಪ ಹೌದೆನ್ನಲಿಲ್ಲ. ತಲೆ ಆಡಿಸಲಿಲ್ಲ. ತಗ್ಗಿಸಿದ, ಅಷ್ಟೆ. ತಗ್ಗಿಸುವುದು ಬೇರೆ, ಆಡಿಸುವುದು ಬೇರೆ ಎಂದು ಅಂದಿನಿಂದ ಅವನು ತನ್ನ ಮುಂದೆ ತಾನೇ ವಾದಿಸುತ್ತ ಬಂದಿದ್ದಾನೆ; ಕೋರ್ಟಿನಲ್ಲಾದರೆ ಆ ವಾದ ಗೆದ್ದರೂ ಗೆಲ್ಲಬಹುದು. ಬಸ್ಯಾ ಎಂದರೆ ಬಸವಣ್ಣೆಪ್ಪ, ಸೋದರಮಾವನ ಮನೆಯಲ್ಲಿದ್ದು ಬೋರ್ಡಿಂಗಿಗೆ ನೀರು ಸೇದಿ, ಉಳಿದ ಹೊತ್ತಿನಲ್ಲಿ ಅದೇ ಊರ ಶಾಲೆಯಲ್ಲಿ ಆರನೆಯ ಇಯತ್ತೆ ಓದುತ್ತಿದ್ದ ಬೇರೆ ಕೇರಿಯ ಹುಡುಗ. ಕದ್ದದ್ದಷ್ಟೇ ಅಲ್ಲ, ಲಿಂಗ ಮುಟ್ಟಿದನೆಂದು ಅಪರಾಧ ಎರಡಾಯಿತು. ಅವನ ಅಂಗಿಯನ್ನು ಜಾಡಿಸಿದರು. ಆ ಹೊತ್ತಿನಲ್ಲಿ ಅವನು ಒಮ್ಮೆ ಮಡಿವಾಳೆಪ್ಪನ ಕಡೆ ನೋಡಿದ್ದ. ಸಿಟ್ಟಿನಿಂದಲ್ಲ, ಇವನು ಈಗ ಹೇಳುತ್ತಾನೆ ಎಂದು ಕಾದವನಂತೆ. ಸಂಜೆಗೆ ಅವನ ಪಾಟಿಚೀಲ ಶಾಲೆಯಿಂದ ಹೊರಗೆ ಬಂತು. ಮಡಿವಾಳೆಪ್ಪನಿಗೆ ಮಠದ ಅಜ್ಜಾರು ಹೊಸ ಲಿಂಗ ಕಟ್ಟಿದರು. ಪಾಪ, ಹುಡುಗ ಹೆದರಿದ್ದಾನೆಂದು ಗೋದಿ ಹುಗ್ಗಿ ಮಾಡಿಸಿ ಉಣಿಸಿದರು. ಎರಡು ಸಲ ನೀಡಿಸಿಕೊಂಡು ಉಂಡದ್ದು ಅವನಿಗೆ ನೆನಪಿದೆ.

“ಬರ್ರಿ ದೊಡ್ಡಪ್ಪಾರ, ನಿಮ್ಮ ಸಲುವಾಗೇ ಕಾಯಾಕತ್ತೇವಿ,” ಎಂದು ಕಲ್ಮೇಶ ಎದ್ದು ಕುರ್ಚಿ ಬಿಟ್ಟುಕೊಟ್ಟ. ಹತ್ತು ಗಂಟೆಗೆ ಕರೆಂಟು ಹೋಗಿತ್ತು. ಬ್ಯಾಟರಿಯ ಮೇಲೆ ಟಿವಿ ನಡೆಯುವುದು ಇಲ್ಲಿ ಮಾತ್ರವಾದ್ದರಿಂದ ಓಣಿಯ ಹದಿನೈದಿಪ್ಪತ್ತು ಮಂದಿ ಕುಳಿತಿದ್ದರು. ನಿವೃತ್ತ ಹವಾಲ್ದಾರ ಮಹಾಂತಪ್ಪ ಮುಂದಿನ ಬಾಕಿನಲ್ಲಿ, ತೊಡೆಯ ಮೇಲೆ ಕೈಯೂರಿ, ಇನ್ನೂ ಡ್ಯೂಟಿಯಲ್ಲಿದ್ದವನಂತಿದ್ದ. ಎಂಬತ್ತರ ಹತ್ತಿರದ ಕೃಷ್ಣವ್ವ ನೆಲದ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡಿದ್ದಳು.

“ಬರದೀರೇನ್ರಿ ಮಾಸ್ತರ?” ಎಂದ ಮಹಾಂತಪ್ಪ. “ಒಂದ ಮಾತ ಘಟ್ಟಿ ಬರೀರಿ. ಪಂಚನಾಮಿ ಇಲ್ಲ, ಜಬಾನಿ ಇಲ್ಲ, ಮಾಲೀನ ಹೆಂಗ ಜೀಪಿಗೆ ಹಾಕಿದ್ರು? ನಾ ಮೂವತ್ತ ವರ್ಷ ಖಾತೆದಾಗ ಇದ್ದಾವ. ಮುಖ ನೋಡಿ ಕಳ್ಳ ಯಾರಂತ ಹೇಳತಿದ್ನಿ. ಚಕ್ರಪಾಣಿಗೆ ಗೊತ್ತಿದ್ದೂ ಸುಮ್ಮನ ನಿಂತಾ ಅಂದ್ರ ಖಾತೇಕ್ಕ ಅಪಮಾನ.”

“ಮುದುಕ ಆಗಿದ್ದಾಂವ ತಿರುಗಿ ಹುಡುಗ ಹೆಂಗ ಆದಾ ಅಂತ ಅದನ್ನ ಕೇಳ್ರಿ ಮೊದ್ಲ,” ಎಂದಳು ಕೃಷ್ಣವ್ವ.

ಎಲ್ಲರೂ ನಕ್ಕರು. ಮಡಿವಾಳೆಪ್ಪನೂ ನಕ್ಕ. ಈಗ ಹೇಳಿಬಿಡಬೇಕು, ಎಂದುಕೊಂಡ. ಪತ್ರ ಬರೆಯುವುದಿಲ್ಲ, ಆ ಹುಡುಗ ತಲೆ ತಗ್ಗಿಸಿದ್ದು ಖರೆ ಇದೆ, ಹಾಗೆಯೇ ಆಗುತ್ತದೆ, ನನಗೆ ಗೊತ್ತಿದೆ. ಹೇಗೆ ಗೊತ್ತು ಎಂದು ಕೇಳುತ್ತಾರೆ. ಕೇಳಿದರೆ ಕೇಳಲಿ. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ. ಬಿಳಿ ಪಟಗಾ, ಮೊಣಕಾಲ ಕೆಳಗಿನ ಧೋತರ, ಬಲಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಕಲೆ.

“ತಮ್ಮಾ, ದೊಡವಾಡದಾಗ ನಿನ್ನ ಚಿತ್ರ ಬರವಲ್ವು ನೋಡ,” ಎಂದ ಬಂದವನು. “ನಿನ್ನೆ ಕಣಕಿ ಹೇರಿದ ಟ್ರ್ಯಾಕ್ಟರ್ ವಾಯರ್ ಹರಕೊಂಡ ಹೋತು.”

“ನಾಳೆ ಮುಂಜಾನೆ ಕಟ್ಟಸ್ತೇನಿ ಬಿಡ್ರಿ ಬಸವಣ್ಣೆಪ್ಪ ಕಾಕಾ.”

“ನಾಳೆ ಕಟ್ಟಸೋಪಾ. ಇವತ್ತಿಂದು ಇಲ್ಲೇ ನೋಡಿ ಹೋಗತೇನಿ. ಅದಕ್ಕ ಎಂಟೂವರಿ ಬಸ್ಸಿಗೆ ಬಂದೇನಿ.”

ಹೆಸರು ಬೇಕಿರಲಿಲ್ಲ, ಹುಬ್ಬು ಸಾಕಿತ್ತು. ಆ ಕಲೆ, ಶಾಲೆ ಬಿಡಿಸಿದ ಸಂಜೆ, ಸೋದರಮಾವ ಬಾರುಕೋಲಿನಿಂದ ಕೊಟ್ಟದ್ದೆಂದು ಬೋರ್ಡಿಂಗಿನ ಹುಡುಗರು ಹೇಳಿಕೊಂಡಿದ್ದರು. ಇಪ್ಪತ್ತು ವರ್ಷದ ಹಿಂದೆ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಅಂಡಿಗೆಗಳ ನಡುವೆ ಆ ಹುಬ್ಬನ್ನು ಕಂಡು ಮಡಿವಾಳೆಪ್ಪ ಲಾರಿಯ ಹಿಂದೆ ಸರಿದು ನಿಂತಿದ್ದ. ಇವನು ಹೋದನೋ ಇಲ್ಲವೋ ಎಂದು ಗಾಲಿಯ ಸಂದಿಯಿಂದ ಇಣುಕಿದ್ದ. ಒಬ್ಬ ಮಾಸ್ತರ, ಇಸ್ತ್ರಿ ಅಂಗಿಯವನು, ಲಾರಿಯ ಗಾಲಿಯ ಮರೆಯಲ್ಲಿ. ಈಗ ಸರಿದು ನಿಲ್ಲಲು ಇಲ್ಲಿ ಏನೂ ಇರಲಿಲ್ಲ, ಎದುರಿಗಿದ್ದ ಕಾಗದವೊಂದನ್ನು ಬಿಟ್ಟು. ಮಡಿವಾಳೆಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. ತಲೆ ತಗ್ಗಿಸಿದ. ಬರೆಯತೊಡಗಿದ.

ವಾರವಿಡೀ ಬಾರದ ಸಾಲುಗಳು ಒಂದರ ಹಿಂದೊಂದು ಬಂದವು. ತಲೆ ಎತ್ತದಿರಲು ಬರೆಯುತ್ತಿರಬೇಕಿತ್ತು. ಬರೆಯುತ್ತಿರಲು ಮಾತು ಬೇಕಿತ್ತು. ಮಾತಿಗೇನು, ಇಪ್ಪತ್ತೊಂಬತ್ತು ವರ್ಷದ ರೂಢಿ. ಅಕ್ಷರ ದುಂಡಗೆ ಬಂದವು. ಇಂಥ ದುಂಡು ಅಕ್ಷರಗಳಲ್ಲಿ ತಾನು ಏನು ಬರೆಯುತ್ತಿದ್ದೇನೆಂದು ಅವನಿಗೆ ಪೂರ್ತಿ ಗೊತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಹೇಸಿಗೆಯಾಯಿತು. ಆ ಹೇಸಿಗೆಯ ನಡುವೆಯೂ ಒಂದು ವಾಕ್ಯದ ಕೊನೆಯಲ್ಲಿ ‘ಸಲ್ಲದು’ ಒಳ್ಳೆಯದೋ ‘ತರವಲ್ಲ’ ಒಳ್ಳೆಯದೋ ಎಂದು ಅರೆಗಳಿಗೆ ಯೋಚಿಸಿದ.

“ಓದ್ರಿ, ಎಲ್ಲಾರೂ ಕೇಳಲಿ,” ಎಂದ ಕಲ್ಮೇಶ.

ಮಡಿವಾಳೆಪ್ಪ ಕಾಗದವನ್ನು ಮುಖದ ಎತ್ತರಕ್ಕೆ ಹಿಡಿದು ಓದಿದ. ಧ್ವನಿ ತರಗತಿಯ ಧ್ವನಿಯೇ. “ನಿರಪರಾಧಿಯೊಬ್ಬನ ಮೇಲೆ ಕಳವಿನ ಆರೋಪ ಬಂದಾಗ, ಸತ್ಯ ತಿಳಿದೂ ಸುಮ್ಮನೆ ನಿಂತವನು ಮುಂದೆ ಎಂದೂ ನ್ಯಾಯವಂತನಾಗಲಾರ. ಅಂಥವನು ನ್ಯಾಯವಂತನೆನಿಸಿಕೊಂಡರೆ ಅದು ವೇಷವೇ ಹೊರತು ಗುಣವಲ್ಲ. ಆದ್ದರಿಂದ ಹನ್ನೊಂದನೆಯ ಕಂತಿನ ಹೇಡಿಯೂ ನಾವು ಕಂಡ ಚಕ್ರಪಾಣಿಯೂ ಒಬ್ಬನೇ ಎಂಬುದನ್ನು ನಾವು ಒಪ್ಪುವುದಿಲ್ಲ.”

“ವ್ಹಾ!” ಎಂದ ಮಹಾಂತಪ್ಪ. ನಾಲ್ಕಾರು ಮಂದಿ ಚಪ್ಪಾಳೆ ತಟ್ಟಿದರು. ಕಾಗದ ಕೈಯಿಂದ ಕೈಗೆ ಹೋಯಿತು. ಹೆಸರಿನ ಮುಂದೆ ವಯಸ್ಸು, ಶಿಕ್ಷಣ, ಉದ್ಯೋಗ ಬರೆಯಬೇಕೆಂದು ಚಾನೆಲ್ಲಿನವರು ಹೇಳಿದ್ದರು. ಎಲ್ಲರೂ ಸಹಿ ಮಾಡಿದರು. ಕೃಷ್ಣವ್ವ ಹೆಬ್ಬೆಟ್ಟು ಒತ್ತಿ ಸೆರಗಿಗೆ ಒರೆಸಿಕೊಂಡಳು.

ಕಲ್ಮೇಶ ಬಾಗಿಲ ಬಳಿ ಕುಳಿತಿದ್ದ ಬಸವಣ್ಣೆಪ್ಪನ ಮುಂದೆ ಕಾಗದ ಹಿಡಿದ. “ಕಾಕಾ, ನೀವೂ ಮಾಡ್ರಿ. ದೊಡವಾಡದ ಹೆಸರೂ ಬರಲಿ. ನಿಮಗ ಹೆಂಗನಸ್ತು ಹಿಂದಿನ ಕತಿ?”

“ನನಗ ಛಲೋ ಅನಸತೈತಿ.”

ಎಲ್ಲರೂ ತಿರುಗಿ ನೋಡಿದರು. “ಛಲೋ ಅಂದ್ರ?” ಎಂದ ಮಹಾಂತಪ್ಪ. “ಹಳೇದು ನೋಡೀರಿಲ್ಲೋ?”

“ಎರಡ ವಾರ ನೋಡಿ ಬಿಟ್ಟನ್ರಿ. ಎಲ್ಲಾ ತಿಳದಾಂವ, ಎಲ್ಲಾರ್ನೂ ಬಿಡಸಾಂವ. ಹಂತಾ ಮನಿಶ್ಯಾನ್ನ ನಾ ಎಲ್ಲೂ ಕಂಡಿಲ್ಲ, ಅದಕ್ಕ ಬ್ಯಾಸರಾತು. ಈ ಹುಡುಗನ್ನ ಕಂಡೇನಿ. ಇವ ಮುಂದ ಏನ ಮಾಡತಾನ ಅಂತ ನೋಡಾಕ ವಾರಾ ಕುಂದರತೇನಿ.” ಅವನು ಟಿವಿಯ ಕಡೆ ಕೈ ಮಾಡಿದ. “ಆ ಮಾಲೀಗೂ ಎಲ್ಲಾ ಗೊತ್ತೈತ್ರಿ. ಸರಾ ಯಾರ ಕೈಯಾಗಿಂದ ಬಿತ್ತು ಅಂತ ಅವನೂ ನೋಡ್ಯಾನ. ಹೇಳಿದ್ರ ಕೇಳಾವ್ರ ಯಾರು? ಆ ಹುಡುಗ ಹೇಳಿದ್ದರ ಕೇಳತಿದ್ರು. ಅವ ಹೇಳಲಿಲ್ಲ.”

“ಮಾಲಿ ನೋಡಿದ್ದ ಎಲ್ಲಿ ತೋರಿಸ್ಯಾರ?” ಎಂದು ಮಹಾಂತಪ್ಪ ನಕ್ಕ. “ಹೊಸಾ ಕತಿ ಹಚ್ಚಿದ್ರಿ ನೀವು.”

ಬಸವಣ್ಣೆಪ್ಪ ಮಡಿವಾಳೆಪ್ಪನ ಕಡೆ ನೋಡಿ, ಸಾವಕಾಶ ಕೇಳಿದ: “ನೀವು ಓದಿದ್ದು ಕೇಳಿದ್ನಿ, ಮಾಸ್ತರ. ಸುಮ್ಮನ ನಿಂತಾಂವ ಮುಂದ ಛಲೋ ಮನಿಶ್ಯಾ ಆಗೂದ ಇಲ್ಲಂತೀರೇನು? ಖರೇ ಹೇಳ್ರಿ, ನಿಮ್ಮ ಮನಸಿಗೆ ಹೆಂಗ ಅನಸತೈತಿ?”

ಒಂದು ಬಾಗಿಲು ತೆರೆದು ಹಿಡಿದಂತಿತ್ತು ಆ ಪ್ರಶ್ನೆ. ಕೇಳಿದವನ ಧ್ವನಿಯಲ್ಲಿ ಮುಳ್ಳಿರಲಿಲ್ಲ. ಮುಳ್ಳಿದ್ದರೆ ಮಡಿವಾಳೆಪ್ಪ ಅದನ್ನು ಹಿಡಿದುಕೊಂಡಾದರೂ ಮೇಲೆ ಬರುತ್ತಿದ್ದ. ಇವನಿಗೆ ನನ್ನ ಗುರುತು ಇದೆಯೋ ಇಲ್ಲವೋ? ಇಲ್ಲದಿದ್ದರೆ ಹೇಳಿ ಏನು ಉಪಯೋಗ. ಇದ್ದರೆ ಹೇಳಬೇಕಾದದ್ದಾದರೂ ಏನು ಉಳಿಯಿತು? ಹೀಗೆ ಎರಡೂ ಕಡೆಯಿಂದ ತನಗೆ ತಾನೇ ಬಿಡುಗಡೆ ಬರೆದುಕೊಳ್ಳುವ ಈ ಬುದ್ಧಿ ಹದಿಮೂರರಲ್ಲಿಯೂ ಇತ್ತು. ಕಲ್ಮೇಶ ನೋಡುತ್ತಿದ್ದಾನೆ. ಮಹಾಂತಪ್ಪ, ಮುಖ ನೋಡಿ ಕಳ್ಳನನ್ನು ಹಿಡಿಯುವ ಮಹಾಂತಪ್ಪ, ಗಡಿಯಾರ ನೋಡುತ್ತಿದ್ದಾನೆ. ಇಷ್ಟು ಮಂದಿಯೆದುರು ಬೇಡ. ದೊಡವಾಡಕ್ಕೆ ನಾನೇ ಹೋಗುತ್ತೇನೆ, ಒಂದು ದಿನ, ಒಬ್ಬನೇ. ಹೋಗುವುದಿಲ್ಲವೆಂದು ಆಗಲೇ ಗೊತ್ತಿತ್ತು.

“ಕತಿ ಐತಿ ಬಿಡ್ರಿ,” ಎಂದ ಮಡಿವಾಳೆಪ್ಪ. “ಟಿವಿ ಕತಿ. ಅದಕ್ಕೇನ ಇಷ್ಟ ಮನಸಿಗೆ ಹಚಗೊಂತೀರಿ.”

“ಹೌದ್ರಿ. ಕತಿ ಐತಿ.”

ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಹಾಡು ಶುರುವಾಯಿತು. ಜನ ಬಾಕುಗಳನ್ನು ಸರಿಸಿ ಟಿವಿಯ ಕಡೆ ತಿರುಗಿದರು. ಕಲ್ಮೇಶ ಧ್ವನಿ ಹೆಚ್ಚಿಸಲು ಎದ್ದು ಹೋದ. ಬಸವಣ್ಣೆಪ್ಪ ಕಾಗದವನ್ನೂ ಪೆನ್ನನ್ನೂ ತೆಗೆದುಕೊಂಡು ಬಂದು ಮಡಿವಾಳೆಪ್ಪನ ಮೇಜಿನ ಮೇಲೆ ಬಗ್ಗಿದ. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ. ಶಾಲೆಯಲ್ಲಿ ಕಲಿತಾಗಿನ ದಪ್ಪ ಅಕ್ಷರಗಳು. ಆಮೇಲೆ ಅವು ಬೆಳೆದಿರಲಿಲ್ಲ. ಉದ್ಯೋಗ, ಒಕ್ಕಲುತನ. ಶಿಕ್ಷಣ ಎಂಬಲ್ಲಿ ಪೆನ್ನು ನಿಲ್ಲಿಸಿದ.

“ಆರನೇತ್ತಾ ಅಂತ ಬರೀತೇನಿ. ನಡುವ ಬಿಡಿಸಿದ್ರು ಅಂತನೂ ಬರೀಬೇಕೇನ್ರಿ?” ಎಂದು ಕೇಳಿದ. ಉತ್ತರಕ್ಕೆ ಕಾಯದೆ ಬರೆದ. ಮತ್ತೆ, ತಲೆ ಎತ್ತದೆ, ಮಗ್ಗುಲಲ್ಲಿ ಕುಳಿತವನನ್ನು ಯಾವುದೋ ಬಸ್ಸಿನ ವೇಳೆ ಕೇಳುವಷ್ಟು ಸಾದಾ ಧ್ವನಿಯಲ್ಲಿ ಕೇಳಿದ: “ಯಾವ ವರ್ಷ ಅದು, ಮಾಸ್ತರ?”

“ಅರವತ್ಮೂರು,” ಎಂದ ಮಡಿವಾಳೆಪ್ಪ.

ಬಾಯಿಂದ ಬಂದಮೇಲೆಯೇ ಅವನಿಗೆ ಅದು ಕೇಳಿಸಿತು. ತರಗತಿಯಲ್ಲಿ ಯಾರಾದರೂ ಇಸವಿ ಕೇಳಿದರೆ ಹೇಳುವ ಹಾಗೆ, ತಡವರಿಸದೆ, ಹೇಳಿಬಿಟ್ಟಿದ್ದ. ಬಸವಣ್ಣೆಪ್ಪ ತಲೆ ಎತ್ತಿ ಅವನನ್ನು ನೋಡಿದ. ಸೀಳಿದ ಹುಬ್ಬು ಒಂದು ಗೇಣಿನ ಅಂತರದಲ್ಲಿತ್ತು. ಹಾಡು ಜೋರಾಗಿತ್ತು, ಆ ಕೋಣೆಯಲ್ಲಿ ಇನ್ನು ಯಾರಿಗೂ ಏನೂ ಕೇಳಿಸಲಿಲ್ಲ.

“ನೆನಪೈತಿ ಹಂಗಾರ,” ಎಂದ ಬಸವಣ್ಣೆಪ್ಪ. “ನನಗೊಬ್ಬಂಗ ಐತಿ ಅಂತ ತಿಳದಿದ್ನಿ.”

ಅವನು ೧೯೬೩ ಎಂದು ಬರೆದ. ಬರೆದು, ಸಾಲುಗಳ ಮೇಲೆ ಕಣ್ಣಾಡಿಸಿದ. ಕಾಗದದ ಮೇಲ್ತುದಿಯಲ್ಲಿ ಪತ್ರ ಬರೆದವರಿಗೆಂದು ಎಲ್ಲರೂ ಗೌರವದಿಂದ ಬಿಟ್ಟಿದ್ದ ಜಾಗ ಇನ್ನೂ ಖಾಲಿ ಇತ್ತು. ಪೆನ್ನನ್ನು ಮಡಿವಾಳೆಪ್ಪನ ಕೈಗೆ ಕೊಟ್ಟ.

“ನಿಮ್ಮದು ಉಳದೈತಿ, ಮಾಡ್ರಿ,” ಎಂದು ಹೇಳಿ, ಹಿಂದೆ ಹೋಗಿ ಬಾಗಿಲ ಬಳಿ ಕುಳಿತು, ಎರಡೂ ಕೈ ಮೊಣಕಾಲಿಗೆ ಕಟ್ಟಿಕೊಂಡು ಟಿವಿ ನೋಡತೊಡಗಿದ.

“ದೊಡ್ಡಪ್ಪಾ, ಲಗೂ ಮಾಡ್ರಿ, ಸುರು ಆತು,” ಎಂದ ಕಲ್ಮೇಶ ತಿರುಗದೆಯೇ.

ಮಡಿವಾಳೆಪ್ಪ ಸಹಿ ಮಾಡಿದ. ಮಾನಪತ್ರಗಳಿಗೆ ಮಾಡುವ ಹಾಗೆ ಪೂರ್ತಿ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದ.